ಹೆಪ್ಪು

ಹಾಲು ಹೆಪ್ಪಾಗಬೇಕು, ರಕ್ತ ಆಗಬಾರದು.
ಇಷ್ಟ ನೋಡ್ರಿ ನನ್ನ ಬಾಳೇವು.

ರಾತ್ರಿ ಒಂಬತ್ತಕ್ಕ
ಹದಿನೆಂಟು ಕುಡಿಕಿ ಸಾಲಾಗಿ ಇಟ್ಟು
ಉಗುರುಬೆಚ್ಚನ ಹಾಲಿಗೆ ಮಜ್ಜಿಗಿ ಬಿಡತೀನಿ,
ಅದ ಕೈಲೆ ಗುಳಿಗಿ ಮುರದು ಅರ್ಧ ನುಂಗತೀನಿ.
ಒಂದು ಕೂಡಲಿ ಅಂತ,
ಒಂದು ಕೂಡದಿರಲಿ ಅಂತ.

ಎದಿಯೊಳಗ ಲೋಹದ ಕದ ಐತಿ.
ಹುಡುಗಿ ಇದ್ದಾಗ ಮೊಣಕಾಲು ಬಾತು ಜ್ವರ ಬಂದಿತ್ತು.
ಜ್ವರ ಹೋತು, ಹೋಗುವಾಗ ಎದಿ ತಿಂದು ಹೋತು.
ಮದುವಿಯಾಗಿ ಮೂರು ವರ್ಷಕ್ಕ ಬೆಳಗಾವಿಯೊಳಗ ಕೊಯ್ದು
ಕದ ಕೂಡಿಸಿದ್ರು.
ಊರು ಮಲಗಿದ ಮ್ಯಾಲೆ ಟಿಕ್ ಟಿಕ್ ಅಂತೈತಿ,
ನನ್ನ ಗಂಡ ಮೊದಲ ಒಂದು ವಾರ
ಹಾಸಿಗಿ ಕೊಡವಿ ಗಡಿಯಾರ ಹುಡುಕಿದ.

ಬನಶಂಕರಿ ಹೊಂಡದ ಪಾವಟಿಗಿ ಮ್ಯಾಲೆ ನನ್ನ ಬುಟ್ಟಿ.
ಕಟಿ ರೊಟ್ಟಿ, ಕೆಂಪಿಂಡಿ, ಗುರೆಳ್ಳ ಹಿಂಡಿ,
ಹಕ್ಕರಿಕಿ, ಮೆಂತೆ, ಉಳ್ಳಾಗಡ್ಡಿ ತಪ್ಪಲ,
ಎಲ್ಲಾ ಹಸೀದು, ಈಗಷ್ಟ ಮಣ್ಣು ಬಿಟ್ಟಿದ್ದು.
ಉಣ್ಣಾಕ ಕುಂತ ಮಂದಿಗೆ ಹಿಡಿ ಹಿಡಿ ನೀಡತೀನಿ,
ನನಗ ಮಾತ್ರ ಎಲಿ ಎಣಿಸಿ.

ಒಂದು ಮಾಗಿಯೊಳಗ ಮೆಂತೆ ಅಗ್ಗ ಆಗಿತ್ತು.
ಉಳದದ್ದು ಚೆಲ್ಲಬಾರದು ಅಂತ
ದಿನಾ ಸಂಜಿಗೆ ಸೂಡು ಸೂಡು ನಾನ ತಿಂದೆ.
ಬಾಗಲಕೋಟಿ ಲ್ಯಾಬಿನ ಚೀಟಿಯೊಳಗ
ಒಂದು ಪಾಯಿಂಟ್ ನಾಕು.
"ಹೊಳಬಸವ್ವ, ಏನ್ ತಿಂದಿ?"
ಡಾಕ್ಟರ್ ಬಾಯಿ ಮುಂದ ಕಳ್ಳಿಯಂಗ ನಿಂತೆ.
ತಪ್ಪಲ ರಕ್ತಕ್ಕ ಹೆಪ್ಪು ಹಾಕತೈತಂತ,
ಗುಳಿಗಿ ತಡೀತೈತಂತ,
ನಾನು ನಡುವಿನ ಗಡಿಗಿ.
ಬಿಡು ಅನ್ನಲಿಲ್ಲ ಆಕಿ.
"ಇವತ್ತು ಸೂಡು, ನಾಳಿಗೆ ಸೊನ್ನಿ ಮಾಡಬ್ಯಾಡ,
ದಿನಾ ಒಂದ ಅಳತಿ."

ಅಳತಿ ನನಗ ತಿಳೀತೈತಿ.
ಬ್ಯಾಸಗಿಗೆ ಹನಿ, ಚಳಿಗೆ ಚಮಚೆ,
ಎಮ್ಮಿ ಹಾಲಿಗೆ ಬ್ಯಾರೆ, ಆಕಳದ್ದಕ್ಕ ಬ್ಯಾರೆ.

ಮುಂದಿನ ವರ್ಷ ದವಡಿ ಬಾತಿತು.
ಬದಾಮಿ ಬಸ್ ಸ್ಟ್ಯಾಂಡ್ ಹತ್ತರ ಔಷಧ ಅಂಗಡಿ ದುಂಡಪ್ಪ
ನಾಕು ಬಗಿ ಗುಳಿಗಿ ಪೊಟ್ಟಣ ಕಟ್ಟಿಕೊಟ್ಟ.
ಮೊದಲಿಂದ ಏನ್ ನುಂಗತೀಯಂತ ಅಂವ ಕೇಳಲಿಲ್ಲ,
ನಾನೂ ಹೇಳಲಿಲ್ಲ.
ನೋವು ಎರಡ ದಿನಕ್ಕ ಇಳೀತು.
ಐದನೇ ದಿನ ಬುಟ್ಟಿ ಎತ್ತಿದ ತೋಳು
ಮುಳಗಾಯಿ ಬಣ್ಣ.
ಹಲ್ಲು ತಿಕ್ಕಿದ ಬೂದಿ ಕೆಂಪು.
ಓಣಿ ಹೆಣ್ಮಕ್ಕಳು ನನ್ನ ತೋಳು ನೋಡಿ
ನನ್ನ ಗಂಡನ್ನ ನೋಡಿದ್ರು.
ಪಾಪ, ಇರಿವಿ ಕಂಡರ ದಾಟಿ ನಡಿಯಾಂವ ಅಂವ.
ಕಕ್ಕಸಕ್ಕ ಹೋದಾಗ ಡಾಂಬರಿನಂಗ ಕಪ್ಪು,
ಅದನ್ನ ಅವನಿಗೂ ಹೇಳಲಿಲ್ಲ,
ನಾಚಿಕಿ.

ಈ ಸಲ ಚೀಟಿಯೊಳಗ ಏಳು.
ಮೂರು ದಿನ ಮಂಚ, ಮುಟ್ಟಿದಲ್ಲೆಲ್ಲಾ ಕಲಿ.
ಅರ್ಧ ಗುಳಿಗೀನೂ ನಿಲ್ಲಿಸಿ
ಯಾವ ತಪ್ಪಲ ಎಣಿಸಿ ತಿಂತಿದ್ನೋ
ಅದರ ಸತ್ವಾನ ಔಷಧ ಮಾಡಿ
ಚೂರ ಚೂರ ಕುಡಿಸಿದ್ರು.
ನಗು ಬಂತು. ಒಸಡು ನೋಯತಿತ್ತು, ನಗಲಿಲ್ಲ.

ಈಗ ಸೆರಗಿನ ಗಂಟಿನ್ಯಾಗ ಒಂದು ಹಳದಿ ಕಾರ್ಡ್.
ಹಲ್ಲಿನವರಿಗೂ ತೋರಸತೀನಿ,
ದುಂಡಪ್ಪಗೂ, ಚೂರ್ಣ ಮಾರಾಕ ಬಂದ ಸಾಮಿಗೂ.
ಸಾಮಿ ಓದಿ ಕಾರ್ಡ್ ತಿರುವಿ ಹಾಕಿ
ಎರಡು ರೊಟ್ಟಿ ತಗೊಂಡು ಹೋದ.

ತಿಂಗಳಿಗೊಮ್ಮೆ ಮುಂಜಾನಿ ಬಸ್ಸು.
ಲ್ಯಾಬಿನ ಮೌನೇಶ ನನ್ನ ನರ ಹುಡುಕತಾನ,
ಸೂಜಿ ತಗದ ಮ್ಯಾಲೆ ಹತ್ತಿ ಒತ್ತಿ ಹಿಡಿದು
ಗ್ವಾಡಿ ಗಡಿಯಾರ ನೋಡತಾನ,
ಉಳದವರಿಗೆ ಎರಡು ನಿಮಿಷ, ನನಗ ಐದು.
ನಾನು ಒಯ್ದ ಕುಡಿಕಿ ಬೋರಲ ಮಾಡಿ ತೋರಸತೀನಿ,
ಮೊಸರು ಬೀಳಂಗಿಲ್ಲ.
"ಇದಕ್ಕ ಎಷ್ಟು ಹಾಕತಿ, ಅಬ್ಬೆ?"
"ಬೆರಳಿಗೆ ಗೊತ್ತು."
"ನಮ್ಮ ಮಿಷನ್ನಿಗೆ ಬೆರಳಿಲ್ಲ," ಅಂತಾನ,
ನಳಿಗಿ ಅಲ್ಲಾಡಿಸಿ ಒಳಗ ಇಡತಾನ.

ನಾಕಕ್ಕ ಚೀಟಿ ಬರತೈತಿ.
ನಾಕೂವರಿಗೆ ಬಸ್ಸು.
ಮನ್ಯಾಗ ಹಾಲು ಕಾಯಾಕ ಇಟ್ಟಿರತಾನ ಅಂವ,
ನಾನು ಬರೂತನಕ ಹೆಪ್ಪು ಹಾಕಂಗಿಲ್ಲ.